ಮಾದರಿಯಲ್ಲಿ ಎಲ್ಲರೂ ಬದುಕಿದ್ದರು

ಕೈಪಿಡಿಯನ್ನು ಯಾರೂ ಓದುವುದಿಲ್ಲ. ಇಷ್ಟು ವರ್ಷ ಬರೆದವಳು ನಾನೇ, ಅದಕ್ಕೇ ಹೇಳುತ್ತಿದ್ದೇನೆ. ಓದುವುದಿಲ್ಲ, ಕಾಪಿ ಮಾಡುತ್ತಾರೆ. ಕೆಳಗೊಂದು ಮಾದರಿ ಕೊಟ್ಟಿರುತ್ತೇವಲ್ಲ, ಅದನ್ನು ಇಡಿಯಾಗಿ ಎತ್ತಿಕೊಂಡು, ಹೆಸರು ಬದಲಾಯಿಸಿ, ಕೆಲಸ ಮುಗಿಸುತ್ತಾರೆ.

ನಮ್ಮ ಯಜಮಾನರು ಚನ್ನಗಿರಿಯಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದರು. ಲಗ್ನಪತ್ರಿಕೆ ಕಾಗದ ಬಿಟ್ಟು ಫೋನಿಗೆ ಬಂದ ಕಾಲದಲ್ಲಿ ಅವರೇ ಕೂತು ಒಂದು ಸಾಫ್ಟ್‌ವೇರ್ ಲೈಬ್ರರಿ ಬರೆದರು. ದೊಡ್ಡ ಸಂಗತಿಯೇನಲ್ಲ. ವೆಬ್ ಪುಟದ ಟೆಂಪ್ಲೇಟ್ ಒಂದಿರುತ್ತದೆ, ಅದರಲ್ಲಿ ಖಾಲಿ ಜಾಗಗಳಿರುತ್ತವೆ. ವಧು, ವರ, ಮುಹೂರ್ತ, ಕರೆಯುವವರು ಅಂತ ಮಾಹಿತಿ ಕೊಟ್ಟರೆ ಲೈಬ್ರರಿ ಅದನ್ನು ಆಯಾ ಜಾಗಕ್ಕೆ ತುಂಬಿ ಪುಟ ಮಾಡಿಕೊಡುತ್ತದೆ. ಹೊನ್ನಾಳಿ, ನ್ಯಾಮತಿ, ಜಗಳೂರು, ತ್ಯಾವಣಿಗೆ ಕಡೆಯ ಅಂಗಡಿಯವರು ಅದನ್ನೇ ಬಳಸತೊಡಗಿದರು. ಕೋಡ್ ಅವರದು, ಕನ್ನಡದ ಕೈಪಿಡಿ ನನ್ನದು. ಮಾದರಿಯಲ್ಲಿ ಕರೆಯುವವರ ಜಾಗಕ್ಕೆ ನಾನು ಅವರ ಹೆಸರನ್ನೇ ಹಾಕಿದ್ದೆ. ಇನ್ಯಾರದು ಹಾಕಲಿ?

ಒಮ್ಮೆ ಸಂತೇಬೆನ್ನೂರಿನ ಅಂಗಡಿಯವನೊಬ್ಬ ಉಳಿದದ್ದೆಲ್ಲ ತಿದ್ದಿ ಆ ಒಂದು ಹೆಸರು ಮಾತ್ರ ಹಾಗೇ ಬಿಟ್ಟ. ಯಾರದೋ ಗೃಹಪ್ರವೇಶಕ್ಕೆ ನಮ್ಮ ಯಜಮಾನರು ಊರಿಗೆಲ್ಲ ಆಮಂತ್ರಣ ಕೊಟ್ಟಂತಾಯಿತು. ಇವರು ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೇಬಿಟ್ಟರು. "ಎಲ್ಲಿಗ್ರೀ?" ಅಂದೆ. "ಕರೆದೋನೇ ನಾನು, ಹೋಗದಿದ್ರೆ ಹೆಂಗೆ?" ಅಂದರು. ಹೋಳಿಗೆ ಉಂಡು ಬಂದು, ಕೈಪಿಡಿಯ ಮಾದರಿಯ ಕೆಳಗೆ ತಾವೇ ಒಂದು ಸಾಲು ಸೇರಿಸಿದರು: 'ಹೆಸರು ಬದಲಾಯಿಸಿ. ಇಲ್ಲದಿದ್ದರೆ ನಾನೇ ಊಟಕ್ಕೆ ಬರುತ್ತೇನೆ.'

ಹೋದ ವರ್ಷ ಅವರು ತೀರಿಕೊಂಡರು. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ. "ಅತ್ತುಬಿಡೇ, ಹಗುರಾಗ್ತೈತೆ" ಅಂತ ಬಂದವರೆಲ್ಲ ಹೇಳಿದರು. ಅಳು ಬರಲಿಲ್ಲ, ಹಗುರವೂ ಆಗಲಿಲ್ಲ. ಟೀ ಕುಡಿದರೆ ಬಿಸಿ ಇದೆ ಅಂತ ಗೊತ್ತಾಗುತ್ತದೆ, ಅಷ್ಟೆ.

ನಮ್ಮ ಅಂಗಡಿಯಲ್ಲೇ ಕೆಲಸ ಕಲಿತ ಜಗಳೂರಿನ ಹುಡುಗಿ ಈಗ ಕೋಡ್ ನೋಡಿಕೊಳ್ಳುತ್ತಾಳೆ. ಮೊನ್ನೆ ಬೆಳಿಗ್ಗೆ ಫೋನ್ ಮಾಡಿದಳು.

"ಆಂಟಿ, ಹೊಸ ವರ್ಷನ್ ಬಿಟ್ಟೀನಿ. ಕೈಪಿಡಿ ತಿದ್ದಬೇಕು ನೀವು."

ನಮ್ಮ ಜನ ಲಗ್ನಪತ್ರಿಕೆಯಲ್ಲಿ ತೀರಿಹೋದ ಹಿರಿಯರನ್ನೂ ಬಿಡುವುದಿಲ್ಲ. ಹೆಸರಿಗೆ ಮೊದಲು 'ಲಿಂಗೈಕ್ಯ' ಅಂತ ಸೇರಿಸಿ ಅವರನ್ನೂ ಹಾಕುತ್ತೇವೆ. ಹಳೆಯ ವರ್ಷನ್‌ನಲ್ಲಿ ಆ ಪದವನ್ನು ಅಂಗಡಿಯವರೇ ಟೈಪ್ ಮಾಡಬೇಕಿತ್ತು. ಹೊಸದರಲ್ಲಿ ಲೈಬ್ರರಿಯೇ ಹಾಕುತ್ತದೆ. ಹಿರಿಯರ ಪ್ರತಿ ಹೆಸರಿನ ಜೊತೆ 'ಇದ್ದಾರೆ' ಅನ್ನುವ ಹೊಸ ಜಾಗವೊಂದಿದೆ. ಅಲ್ಲಿ 'ಹೌದು' ಎಂದು ಬರೆಯಬೇಕು. ಬರೆಯದೆ ಬಿಟ್ಟರೆ ಇಲ್ಲ ಎಂದು ಲೆಕ್ಕ.

ನಾನು ಕೈಪಿಡಿ ತೆರೆದು ಕೂತಿದ್ದೆ, ಇನ್ನೂ ಒಂದಕ್ಷರ ತಿದ್ದಿರಲಿಲ್ಲ. ಮಧ್ಯಾಹ್ನ ಹೊನ್ನಾಳಿಯ ಅಂಗಡಿಯವನ ಫೋನ್ ಬಂತು.

"ಅಕ್ಕಾ, ನಿಮ್ಮ ಲೈಬ್ರರಿ ಬದುಕಿರೋ ಮನುಷ್ಯನ್ನ ಸಾಯಿಸಿಬಿಟ್ಟೈತಲ್ರಿ!"

"ಯಾರನ್ನಪ್ಪಾ?"

"ಹೆಣ್ಣಿನ ಅಪ್ಪನ್ನ! ಹೆಸರಿಗೆ ಮೊದ್ಲು ಲಿಂಗೈಕ್ಯ ಅಂತ ಬಂದೈತೆ. ಇಲ್ಲೇ ನನ್ನೆದುರಿಗೆ ಕುಂತಾರೆ."

ಹಿಂದಿನಿಂದ ದಪ್ಪ ದನಿಯೊಂದು ಕೇಳಿಸಿತು. "ನನ್ನ ಶಿವಗಣಾರಾಧನೆ ಕಾರ್ಡೂ ಈಗ್ಲೇ ಮಾಡಿಕೊಟ್ಬಿಡು ಅನ್ನು ಅವ್ರಿಗೆ!"

ನಗುವ ವಿಷಯವಾಗಿರಲಿಲ್ಲ. ಗಂಡಿನವರು ನ್ಯಾಮತಿಯವರು, ಶಕುನ ನೋಡುವ ಜನ. ಸಂಜೆ ಅವರಿಗೆ ಪತ್ರಿಕೆಯ ಲಿಂಕ್ ಕಳಿಸಬೇಕಿತ್ತು. ಹೆಣ್ಣಿನ ಅಪ್ಪ ಸತ್ತ ಪತ್ರಿಕೆ ಅವರ ಕೈಗೆ ಸಿಕ್ಕರೆ ಮದುವೆಗೇ ಕಲ್ಲು ಬೀಳಬಹುದು. ಫೋನ್ ಮಾಡಿದ ಹುಡುಗನ ಅಂಗಡಿಗೆ ಆಮೇಲೆ ಹೊನ್ನಾಳಿಯಲ್ಲಿ ಯಾರೂ ಕಾಲಿಡುವುದಿಲ್ಲ.

"ಅವರ ಹೆಸರಿನ ಜೊತೆ ಇದ್ದಾರೆ ಅಂತ ಜಾಗ ಐತೆ. ಅಲ್ಲಿ ಹೌದು ಅಂತ ಬರಿ."

ಬರೆದ. "ಹಾಂ, ಇವ್ರು ಸರಿಯಾದ್ರು. ಈಗ ತಾತಂದು. ಅವ್ರು ನಿಜವಾಗ್ಲೂ ಇಲ್ಲ. ಲಿಂಗೈಕ್ಯ ನಾನೇ ಟೈಪ್ ಮಾಡಿದ್ದೆ, ಲೈಬ್ರರಿನೂ ಒಂದು ಹಾಕೈತೆ. ಎರಡೆರಡು ಸಲ ಸತ್ತಾರೆ! ಸತ್ತೋರನ್ನ ಹೆಂಗೆ ಬರೀಬೇಕಕ್ಕಾ? ನೋಡಿ ಹಾಕಾಣ ಅಂದ್ರೆ ನಿಮ್ಮ ಮಾದರೀಲಿ ಎಲ್ರೂ ಬದುಕೇ ಅವ್ರಲ್ರಿ."

ಹೇಳಿದ ಮೇಲೆ ಅವನಿಗೇ ಹೊಳೆದಿರಬೇಕು.

"ಸ್ವಲ್ಪ ತಡಿ. ಮಾದರಿ ಹಾಕ್ತೀನಿ," ಅಂದು ಫೋನ್ ಇಟ್ಟೆ. ಬಾಯಲ್ಲಿ ಹೇಳಬಹುದಿತ್ತು, ಆದರೆ ಇವನೊಬ್ಬನಿಗೆ ಹೇಳಿದರೆ ಉಳಿದವರ ಗತಿ? ಅಷ್ಟು ಊರುಗಳಲ್ಲಿ ಅಂದು ಎಷ್ಟು ಜನ ಬದುಕಿದ್ದೂ ಲಿಂಗೈಕ್ಯರಾಗುತ್ತಿದ್ದರೋ.

ಜಗಳೂರಿನ ಹುಡುಗಿಗೆ ಹೇಳಿದೆ. "ಯಾವ್ದಾದ್ರೂ ಸುಳ್ಳು ಹೆಸರು ಹಾಕ್ರಿ ಆಂಟಿ, ಅದಕ್ಯಾಕೆ ಯೋಚ್ನೆ ಮಾಡ್ತೀರಿ?" ಅಂದಳು.

ಯೋಚಿಸಿದೆ. ನಮ್ಮ ಕಡೆ ಸುಳ್ಳು ಹೆಸರು ಅಂತ ಎಲ್ಲಿದೆ? ಬಾಯಿಗೆ ಬಂದ ಹೆಸರು ಹಾಕಿದರೂ ಆ ಹೆಸರಿನವರು ಸೊಕ್ಕೆಯಲ್ಲೋ ತ್ಯಾವಣಿಗೆಯಲ್ಲೋ ಹೊಲಕ್ಕೆ ಹೊರಟಿರುತ್ತಾರೆ. ಬದುಕಿರುವವರ ಹೆಸರಿಗೆ ಆ ಪದ ಅಂಟಿಸಲು ನನಗೆ ಕೈ ಬರಲಿಲ್ಲ. ತಪ್ಪಾಗುವುದಿಲ್ಲ ಅಂತ ನನಗೆ ಖಾತ್ರಿಯಿದ್ದ ಹೆಸರು ಒಂದೇ. ಅದು ಆಗಲೇ ಮಾದರಿಯಲ್ಲಿತ್ತು.

ಕರೆಯುವವರ ಜಾಗದಿಂದ ಅದನ್ನು ತೆಗೆದು ಅಲ್ಲಿ ನನ್ನ ಹೆಸರು ಹಾಕಿ, 'ಹೌದು' ಎಂದು ಬರೆದೆ. ಅವರ ಹೆಸರನ್ನು ಒಂದು ಸಾಲು ಕೆಳಗಿಳಿಸಿದೆ. ಇದ್ದಾರೆ: ಇಲ್ಲ. ಪುಟ ಮಾಡಿಸಿ ನೋಡಿದೆ. ಲೈಬ್ರರಿ ತಾನಾಗಿಯೇ ಲಿಂಗೈಕ್ಯ ಅಂತ ಹಾಕಿತು. ಸರಿಯಾಗಿ ಬಂದಿದೆಯಾ ಅಂತ ಇನ್ನೊಮ್ಮೆ ನೋಡಿದೆ. ಬಂದಿತ್ತು. ಏನಾದರೂ ಆಗುತ್ತದೇನೋ ಅಂತ ಕಾದೆ. ಏನೂ ಆಗಲಿಲ್ಲ. ಕುಕ್ಕರ್ ಕೂಗಿತು, ಎದ್ದು ಆರಿಸಿ ಬಂದು ಸೇವ್ ಮಾಡಿದೆ.

ಹೊನ್ನಾಳಿಯವನು ಮಾದರಿಯನ್ನು ಇಡಿಯಾಗಿ ಎತ್ತಿಕೊಂಡು ಹೆಸರು ಬದಲಾಯಿಸಿದ. ಈ ಸಲ ಒಂದೊಂದನ್ನೂ ಓದಿ ಬದಲಾಯಿಸಿದನಂತೆ.

"ಸರಿ ಬಂತಕ್ಕಾ," ಅಂದ. ದನಿ ತಗ್ಗಿತ್ತು. "ಅಣ್ಣಾರ ಹೆಸರು ನೋಡಿದೆ."

"ಹ್ಞೂಂ."

ಹೆಣ್ಣಿನ ಅಪ್ಪ ಫೋನ್ ಕಸಿದುಕೊಂಡರು. "ತಾಯೀ, ಬದುಕಿದೆ ಈಗ! ಲಿಂಕ್ ಕಳಿಸ್ತಾ ಇದೀವಿ. ಮದುವೀಗೆ ನೀವು ಬರ್ಲೇಬೇಕು ನೋಡ್ರಿ."

ನೋಡೋಣ ಅಂದೆ.

ಅವನು ಮತ್ತೆ ಫೋನ್ ತೆಗೆದುಕೊಂಡ. "ಅಕ್ಕಾ, ಬೇಜಾರಾಗಬ್ಯಾಡ್ರಿ. ಕೆಳಗೆ ಊಟಕ್ಕೆ ಬರ್ತೀನಿ ಅಂತ ಐತಲ್ಲ... ಅದನ್ನ ತೆಗೀತೀರೇನು? ಈಗ ಓದಿದ್ರೆ ಒಂಥರಾ ಆಗ್ತೈತೆ."

ಅವನು ಹೇಳಿದ್ದು ಸರಿ. ಕೈಪಿಡಿ ಅಂದಮೇಲೆ ಅದರಲ್ಲಿ ಆಗದ ಮಾತು ಇರಬಾರದು. 'ಹೆಸರು ಬದಲಾಯಿಸಿ' ಅನ್ನುವಷ್ಟನ್ನು ಉಳಿಸಿ ಮುಂದಿನದನ್ನು ಅಳಿಸಿದೆ. ಆ ಜಾಗದಲ್ಲಿ ಹೊಸ ಸೂಚನೆ ಬರೆದೆ: 'ಇದ್ದಾರೆ ಎಂದು ಬರೆಯದಿದ್ದರೆ ಇಲ್ಲ ಎಂದು ತಿಳಿಯಲಾಗುತ್ತದೆ.'

ಎಲ್ಲ ಅಂಗಡಿಯವರಿಗೂ ವಾಟ್ಸಾಪ್ ಮಾಡಿದೆ. ಹೆಬ್ಬೆರಳುಗಳು ಬಂದವು. ಯಾರೂ ಓದಿರುವುದಿಲ್ಲ, ನನಗೆ ಗೊತ್ತು. ಕಾಪಿ ಮಾಡುತ್ತಾರೆ.