ಅಧ್ಯಕ್ಷರ ಎಡಹೆಗಲು

ಚಾಮರಾಜಪೇಟೆಯ ಪರಮಶಿವಯ್ಯನವರು ಬಳೇಪೇಟೆಯ ಅಂಗಡಿಯಿಂದ ನಿವೃತ್ತರಾಗಿ ಆರು ವರ್ಷವಾಯಿತು. ಅಧ್ಯಕ್ಷತೆಯಿಂದ ಇನ್ನೂ ಆಗಿಲ್ಲ. ಗಾಜಿನ ಬಳೆ ವರ್ತಕರ ಸಂಘಕ್ಕೆ ಈಗ ಬೇರೆ ಯಾರೋ ಅಧ್ಯಕ್ಷರು. ಆದರೆ ಆ ಸುದ್ದಿ ಪರಮಶಿವಯ್ಯನವರ ಕುತ್ತಿಗೆಗೆ ತಲುಪಿಲ್ಲ. ಅದು ಹಾರಕ್ಕೆಂದು ಈಗಲೂ ಒಂದಿಷ್ಟು ಮುಂದಕ್ಕೆ ಬಾಗಿಯೇ ಇರುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಹಣೆಗೆ ವಿಭೂತಿ ಧರಿಸಿ ಅವರು ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತರೆಂದರೆ ಮನೆಯ ಸಭೆ ಶುರುವಾಯಿತೆಂದೇ ಲೆಕ್ಕ.

ಆ ತಿಂಗಳ ಸಭೆಗೆ ಒಂದೇ ವಿಷಯ. ಬಾಣಂತನಕ್ಕೆ ಬಂದಿದ್ದ ಮಗಳು ಶರಣ್ಯಳ ಎರಡೂವರೆ ತಿಂಗಳ ಕೂಸು ಪುಟ್ಟಿ, ಎದೆಹಾಲು ಕುಡಿದು ಹತ್ತು ನಿಮಿಷವಾಗುವಷ್ಟರಲ್ಲಿ ಅದನ್ನು ಬಾಯಿಂದ ವಾಪಸು ಮಾಡುತ್ತಿತ್ತು. ಅಳು ಇಲ್ಲ, ಜ್ವರ ಇಲ್ಲ. ಒಂದು ಸಣ್ಣ ಬಿಕ್ಕಳಿಕೆ, ಆಮೇಲೆ ಕೆನ್ನೆಯುದ್ದಕ್ಕೂ ಬೆಳ್ಳಗೆ ಹಾಲು, ಆಮೇಲೆ ಏನೂ ಆಗದವಳ ಹಾಗೆ ಒಂದು ನಗು.

"ನಿನ್ನ ಹಾಲು ಮಗೂಗೆ ಒಗ್ತಿಲ್ಲ ಕಣಮ್ಮ," ಎಂದು ಪರಮಶಿವಯ್ಯ ತೀರ್ಮಾನ ಕೊಟ್ಟರು. "ಪುಡಿ ಹಾಲು ಶುರು ಮಾಡೋಣ." ತಾವೇ ಹೋಗಿ ಒಂದು ಡಬ್ಬ ತಂದು ಅಡುಗೆಮನೆಯ ಗೂಡಿನಲ್ಲಿ ಇಟ್ಟೂ ಬಿಟ್ಟರು.

"ಅಪ್ಪಾ, ಅದು ನನ್ನ ಹಾಲು. ನಿಮ್ಮ ಸಂಘದ ಠರಾವಲ್ಲ," ಎಂದಳು ಶರಣ್ಯ. ಮಾತು ಖಾರವಾಗಿಯೇ ಇತ್ತು. ಆದರೆ ಒಳಗೆ ಹೋಗುವಾಗ ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡದ್ದು ಪೇಪರಿನ ಮರೆಯಿಂದ ಪರಮಶಿವಯ್ಯನವರಿಗೆ ಕಂಡಿತು. ಹಾಲು ಕುಡಿಯುವಾಗ ಪುಟ್ಟಿ ಅಮ್ಮನ ಒಂದು ಬೆರಳನ್ನು ಬಿಗಿಯಾಗಿ ಹಿಡಿದಿರುತ್ತಾಳೆ. ಆ ಹಿಡಿತವನ್ನು ಒಂದು ಡಬ್ಬಕ್ಕೆ ಬಿಟ್ಟುಕೊಡಲು ಶರಣ್ಯಳಿಗೆ ಮನಸ್ಸಿರಲಿಲ್ಲ.

ಹೆಂಡತಿ ಶಿವಕುಮಾರಿ ಸೊಪ್ಪು ಬಿಡಿಸುತ್ತ ಅಂದರು: "ಡಬ್ಬ ತೆಗೆಯೋಕೆ ಮುಂಚೆ ಡಾಕ್ಟರನ್ನ ಒಂದು ಮಾತು ಕೇಳ್ಕೊಂಡು ಬನ್ನಿ. ಅವರನ್ನೂ ನಿಮ್ಮ ಸಂಘದ ಸದಸ್ಯರು ಅಂದ್ಕೊಂಡ್ಬಿಡಿ."

ಪಕ್ಕದ ರಸ್ತೆಯ ಮಕ್ಕಳ ಡಾಕ್ಟರ್ ಪ್ರತಿಭಾ ಮಗುವನ್ನು ತೂಗಿದರು. ನಾಲ್ಕು ಕಿಲೋ ಆರುನೂರು. "ಏರಿದೆ, ಆದ್ರೆ ಸ್ವಲ್ಪ ನಿಧಾನ," ಎಂದರು. "ಕುಡಿದ ಮೇಲೆ ಮಗೂನ ಏನ್ ಮಾಡ್ತೀರಾ?"

"ತಕ್ಷಣ ನನ್ನ ಕೈಗೆ ಕೊಡ್ತಾರೆ," ಎಂದರು ಪರಮಶಿವಯ್ಯ, ಮೈಕಿನ ಮುಂದೆ ನಿಂತವರಂತೆ.

"ಹೌದಾ. ಹೇಗೆ ಎತ್ಕೋತೀರಾ, ತೋರಿಸಿ ನೋಡೋಣ."

ಶರಣ್ಯ ಪರದೆಯ ಹಿಂದೆ ಹಾಲು ಕುಡಿಸಿ ಬಂದು ಮಗುವನ್ನು ಕೊಟ್ಟಳು. ಪರಮಶಿವಯ್ಯ ಎರಡೂ ಮೊಣಕೈ ಮಡಿಸಿ, ಪುಟ್ಟಿಯನ್ನು ಅಂಗಾತ, ಸಪಾಟಾಗಿ ಇಟ್ಟುಕೊಂಡು, ಗಂಭೀರವಾಗಿ ಎರಡು ಹೆಜ್ಜೆ ನಡೆದರು. ಬಳೆಯ ಪೆಟ್ಟಿಗೆಯನ್ನು ಅವರು ಮೂವತ್ತೆಂಟು ವರ್ಷ ಹೊತ್ತದ್ದು ಹೀಗೆಯೇ. ಗಾಜಿನ ಸಾಮಾನನ್ನು ಎಂದೂ ನೆಟ್ಟಗೆ ನಿಲ್ಲಿಸಬಾರದು, ಓರೆ ಮಾಡಬಾರದು. ಅವರ ಕೈಕೆಳಗೆ ಕೆಲಸ ಕಲಿತವರಿಗೆಲ್ಲ ಮೊದಲ ದಿನದ ಪಾಠ ಅದು. ಮನೆಗೆ ಬಂದ ಗಾಜಿನಂಥ ಮೊಮ್ಮಗಳಿಗೂ ಅದೇ ನಿಯಮ ಹಾಕಿದ್ದರು. ಹಾಲು ಕುಡಿದ ಕೂಡಲೇ ಜಗಲಿಯುದ್ದಕ್ಕೂ ಅಧ್ಯಕ್ಷೀಯ ಮೆರವಣಿಗೆ, ನೋಡಲು ಬಂದವರಿಗೆಲ್ಲ ಪೆಟ್ಟಿಗೆ ತೆರೆದಂತೆ ಪ್ರದರ್ಶನ.

ಮೂರನೆಯ ಹೆಜ್ಜೆಗೆ ಪುಟ್ಟಿ ಬಿಕ್ಕಳಿಸಿದಳು. ಹಾಲು ಕೆನ್ನೆಯಿಂದ ಇಳಿದು, ಇಸ್ತ್ರಿ ಮಾಡಿದ ತೋಳಿಗೆ ಬಂತು, ಅಲ್ಲಿಂದ ಡಾಕ್ಟರರ ಮೇಜಿಗೆ.

ಶರಣ್ಯ ಅಪ್ಪನನ್ನು ನೋಡಿದಳು. ದುಪಟ್ಟಾದ ಅಂಚಿನಿಂದ ಮಗುವಿನ ಕೆನ್ನೆ ಒರೆಸಿದಳು. ಬೈದಿದ್ದರೇ ಪರಮಶಿವಯ್ಯನವರಿಗೆ ಹಗುರವಾಗುತ್ತಿತ್ತು.

"ತಾಯಿ ಹಾಲಲ್ಲಿ ದೋಷ ಇಲ್ಲ ಯಜಮಾನ್ರೇ," ಎಂದರು ಪ್ರತಿಭಾ, ಮೇಜು ಒರೆಸುತ್ತ. "ಇಷ್ಟು ಚಿಕ್ಕ ಮಕ್ಕಳಿಗೆ ಹೊಟ್ಟೆಯ ಬಾಯಿ ಇನ್ನೂ ಬಿಗಿಯಾಗಿರಲ್ಲ. ತುಂಬಿದ ಚೀಲ, ಬಾಯಿ ಕಟ್ಟಿಲ್ಲ. ಮಲಗಿಸಿದ್ರೆ ಚೆಲ್ಲುತ್ತೆ ತಾನೇ? ಕುಡಿದ ಮೇಲೆ ಅರ್ಧ ಗಂಟೆ ಹೆಗಲಿಗೆ ನೆಟ್ಟಗೆ ಹಾಕ್ಕೊಳ್ಳಿ, ತೇಗು ಬರಲಿ. ಆಮೇಲೆ ಅಂಗಾತ ಮಲಗಿಸಿ. ಹಸಿರು ವಾಂತಿ, ರಕ್ತ ಕಂಡ್ರೆ, ಹಾಲೇ ಬೇಡ ಅಂದ್ರೆ ತಕ್ಷಣ ಬನ್ನಿ. ಇಲ್ಲಾಂದ್ರೆ ಹತ್ತು ದಿನ ಬಿಟ್ಟು ತೂಕ ನೋಡೋಣ. ಆಗ್ಲೂ ಸರಿಯಾಗಿ ಏರದಿದ್ರೆ ಬೇರೆ ಯೋಚನೆ. ಅಲ್ಲೀತನಕ ಎದೆಹಾಲೇ."

ಹತ್ತು ದಿನ. ಡಬ್ಬ ಗೂಡಿನಲ್ಲಿ ಕೂತು ಎಲ್ಲರನ್ನೂ ನೋಡುತ್ತಿತ್ತು.

ಹಗಲಿಗೆ ಆರೇಳು ಸಲ ಅರ್ಧರ್ಧ ಗಂಟೆ ಮಗು ಹಿಡಿಯಲು ಮನೆಯಲ್ಲಿ ಪುರಸೊತ್ತಿದ್ದವರು ಒಬ್ಬರೇ. ಮೊದಲ ದಿನವೇ ಗಂಜಿ ಹಾಕಿದ ಶರಟು ಪುಟ್ಟಿಯ ಕೆನ್ನೆಗೆ ಚುಚ್ಚಿತು. ಸನ್ಮಾನದ ಶಾಲುಗಳನ್ನು ಹೊದೆಯೋಣವೆಂದರೆ ಅವುಗಳ ಜರಿ ಇನ್ನೂ ಚುಚ್ಚಿತು. "ಇಪ್ಪತ್ತಮೂರು ಶಾಲು, ಒಂದಾದ್ರೂ ಕೆಲಸಕ್ಕೆ ಬರ್ಲಿಲ್ಲ ನೋಡಿ," ಎಂದು ಶಿವಕುಮಾರಿ ಹಳೇ ಪಂಚೆಯೊಂದನ್ನು ಹರಿದು ಗಂಡನ ಎಡಹೆಗಲಿಗೆ ಹಾಕಿದರು. ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆ ಮಗುವಿಗೆ ಒತ್ತಬಾರದೆಂದು ಪರಮಶಿವಯ್ಯ ಅದನ್ನು ಬಲಕ್ಕೆ ಸರಿಸಿಕೊಂಡರು. ಶಿವನೂ ಒಂದಿಷ್ಟು ಜಾಗ ಬಿಟ್ಟುಕೊಟ್ಟ.

ತೇಗು ಮಾತ್ರ ಅಪ್ಪಣೆಗೆ ಬರುವಂಥದ್ದಲ್ಲ. ಬೆನ್ನು ತಟ್ಟಿ ತಟ್ಟಿ ಸಾಕಾಗಿ ಅವರ ಕೈ ತಾನಾಗಿ ಹಳೆಯ ಹದಕ್ಕೆ ಇಳಿಯಿತು. ಬಳೆ ತೊಡಿಸುವವನು ತಳ್ಳಬಾರದು. ಎದುರಿನ ಕೈ ಸಡಿಲವಾಗುವವರೆಗೆ ಮಾತಾಡುತ್ತಿರಬೇಕು. ಬಳೆ ಯಾವಾಗ ಗಿಣ್ಣು ದಾಟಿತೋ ಇಬ್ಬರಿಗೂ ಗೊತ್ತಾಗಬಾರದು. ಹಾಗೇ ಮಾತಾಡಿದರು. ಮೆಲ್ಲಗೆ, ಪುಟ್ಟಿಯ ಕಿವಿಗೆ: ಮದುವೆಯ ಹಸಿರು ಬಳೆ, ಚುಕ್ಕಿ ಬಳೆ, ಸೀಮಂತಕ್ಕೆಂದು ಬಂದು ಎರಡೂ ಕೈ ಚಾಚಿ ಕಣ್ಣು ಮುಚ್ಚಿ ಕೂರುತ್ತಿದ್ದ ಹೆಣ್ಣುಮಕ್ಕಳು. ಮಧ್ಯಾಹ್ನದ ಬಿಸಿಲು ಜಗಲಿಯ ಕಂಬಿಗಳಿಂದ ಒಳಗೆ ಬಂದು ನೆಲದ ಮೇಲೆ ಗೀರು ಗೀರಾಗಿ ಮಲಗುತ್ತಿತ್ತು. ಹಾಲಿನ ಹುಳಿ ವಾಸನೆ, ಹೂವಿನವಳ ದೂರದ ಕೂಗು, ಎದೆಗೆ ಒತ್ತಿದ ಬೆಚ್ಚಗಿನ ಹೊಟ್ಟೆ. ಜೋಂಪು ಹತ್ತುವಾಗ ಬಳೇಪೇಟೆಯ ಓಣಿಯೇ ನೀರಿನಲ್ಲಿ ತೇಲಿ ಬಂದು ಜಗಲಿಯ ಮೆಟ್ಟಿಲಿಗೆ ತಾಗಿ ನಿಂತಂತೆ. ಗೋಡೆಯ ತುಂಬ ಬಳೆಗಳು, ಗಾಳಿಯಿಲ್ಲದಿದ್ದರೂ ಕಿಣಿಕಿಣಿ. ಅಷ್ಟು ಬಳೆಗಳ ನಡುವೆ ಇಷ್ಟು ಸಣ್ಣ ಕೈಗಾಗುವುದು ಒಂದೂ ಇಲ್ಲವಲ್ಲ ಎಂದು ಅವರು ಹುಡುಕುತ್ತಿರುವಾಗ ಕಿವಿಯ ಬಳಿ ಒಂದು ತೇಗು ಬರುತ್ತಿತ್ತು, ಮುದುಕರ ತೇಗಿನಷ್ಟು ದೊಡ್ಡದು.

"ರೀ, ಕಣ್ಣು ಮುಚ್ಚಿದ್ರೆ ಮಗೂನ ಕಿತ್ಕೋತೀನಿ," ಎಂದು ಅಡುಗೆಮನೆಯಿಂದ ಶಿವಕುಮಾರಿಯ ದನಿ.

"ಎಚ್ಚರವಾಗೇ ಇದೀನಿ ಕಣೇ," ಎನ್ನುತ್ತಿದ್ದರು ಅವರು, ಬಹಳ ದೂರದಿಂದ.

ಹನ್ನೊಂದನೆಯ ದಿನ ಬೆಳಿಗ್ಗೆ ಡಾಕ್ಟರು ತಕ್ಕಡಿಯ ಮೇಲೆ ಬಟ್ಟೆ ಹಾಸಿ ಕೈ ಚಾಚಿದರು. ಪರಮಶಿವಯ್ಯ ಕೊಡಲಿಲ್ಲ.

"ಈಗಷ್ಟೇ ಕುಡಿದಿದೆ. ಮಲಗಿಸೋ ಹಾಗಿಲ್ಲ. ಇನ್ನೂ ಹನ್ನೆರಡು ನಿಮಿಷ ಇದೆ."

"ತೂಕಕ್ಕೆ ಅರ್ಧ ನಿಮಿಷ ಸಾಕು ಯಜಮಾನ್ರೇ."

"ನೀವೇ ಹೇಳಿದ್ದಲ್ವೇ ಮೇಡಂ."

ಪ್ರತಿಭಾ ಶರಣ್ಯಳ ಮುಖ ನೋಡಿದರು, ಗಡಿಯಾರ ನೋಡಿದರು, ಮುಂದಿನ ಮಗುವನ್ನು ಒಳಗೆ ಕರೆದರು. ಹನ್ನೆರಡು ನಿಮಿಷ ಪರಮಶಿವಯ್ಯ ಮೂಲೆಯಲ್ಲಿ ಮೆಲ್ಲಗೆ ಬೆನ್ನು ತಟ್ಟುತ್ತ ನಿಂತರು, ಇಸ್ತ್ರಿಯಿಲ್ಲದ ಶರಟಿನಲ್ಲಿ, ಹೆಗಲ ಮೇಲೆ ಹರಿದ ಪಂಚೆ. ಶರಣ್ಯ ಬೆಂಚಿನ ಮೇಲೆ ಉಗುರು ಕಚ್ಚುತ್ತ ಕೂತಿದ್ದಳು. ಅಪ್ಪ ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಿದ್ದರು. ಅವಳಿಗೆ ಕೇಳಿಸಿದ್ದು "ಚುಕ್ಕಿ ಬಳೆ" ಎಂಬುದಷ್ಟೇ.

ನಾಲ್ಕು ಕಿಲೋ ಎಂಟುನೂರ ಎಂಬತ್ತು.

"ಚೆನ್ನಾಗಿ ಏರಿದೆ," ಎಂದರು ಪ್ರತಿಭಾ. "ಒಂದಿಷ್ಟು ಕಕ್ಕೋದು ಇನ್ನೂ ಇರುತ್ತೆ, ಇರ್ಲಿ ಬಿಡಿ. ಕೂತ್ಕೊಳ್ಳೋದು ಕಲಿಯೋ ಹೊತ್ತಿಗೆ ಕಮ್ಮಿಯಾಗುತ್ತೆ. ನಿಮ್ಮ ಹಾಲೇ ಕೊಡಿಯಮ್ಮ."

ಶರಣ್ಯ ತಕ್ಕಡಿಯ ಬಳಿ ಬಗ್ಗಿ ಮಗುವಿನ ಮುಷ್ಟಿಯೊಳಗೆ ತನ್ನ ಬೆರಳಿಟ್ಟಳು. ಬಹಳ ಹೊತ್ತು ಏಳಲಿಲ್ಲ.

ಮನೆಯಲ್ಲಿ ಶಿವಕುಮಾರಿ ಗೂಡಿನ ಕಡೆ ತೋರಿಸಿದರು. "ಈ ಡಬ್ಬ?"

"ಸೀಲ್ ಒಡೆದಿಲ್ಲ. ಅಂಗಡಿಗೆ ವಾಪಸ್ ಕೊಟ್ಬಿಡೋಣ."

"ಅಧ್ಯಕ್ಷರ ಠರಾವು ಬಿದ್ದುಹೋಯ್ತು ಅಂತ ಹೇಳ್ಲಾ?"

ಪರಮಶಿವಯ್ಯ ಹೆಗಲ ಮೇಲಿನ ಪಂಚೆ ಸರಿಮಾಡಿಕೊಂಡರು. ಪುಟ್ಟಿ ಆಗತಾನೇ ಕುಡಿದು ಅವರ ಎಡಹೆಗಲಿಗೆ ಬಂದಿದ್ದಳು. ಒಳಗೆ ಶರಣ್ಯ ಎಷ್ಟೋ ದಿನಗಳ ನಿದ್ದೆಯನ್ನು ಒಟ್ಟಿಗೆ ಮಾಡುತ್ತಿದ್ದಳು. ಗೇಟಿನ ಹತ್ತಿರ ಸಂಘದವರಿಬ್ಬರು ಆಮಂತ್ರಣ ಪತ್ರಿಕೆ ಹಿಡಿದು ಬಂದರು. ಪರಮಶಿವಯ್ಯ ಎದ್ದು ಬರಮಾಡಿಕೊಳ್ಳಲಿಲ್ಲ, ಕುತ್ತಿಗೆಯನ್ನೂ ಬಾಗಿಸಲಿಲ್ಲ. ಅಲ್ಲಿ ಪುಟ್ಟಿಯ ಮುಖವಿತ್ತು. ಬೆರಳೊಂದನ್ನು ತುಟಿಗೆ ಇಟ್ಟು, ಅವರಿಗೆ ಮೆಟ್ಟಿಲು ತೋರಿಸಿ, ಮತ್ತೆ ಮೆಲ್ಲಗೆ ತಟ್ಟತೊಡಗಿದರು. ಬಂದವರು ಅಲ್ಲಿಯೇ ಕೂತರು, ಇಪ್ಪತ್ತು ನಿಮಿಷ, ಒಂದು ತೇಗಿಗೆ ಕಾಯುತ್ತ.