ಲೈಪ್‌ಜಿಗ್‌ನಲ್ಲಿ ಬೇಯಿಸಿದ ಎಳ್ಳು ಬಿಸ್ಕತ್ತು

ವಿಮಾನ ನಿಲ್ದಾಣದ ಗಾಜಿನ ಬಾಗಿಲು ತಾನೇ ಸರಿಯಿತು. ಕರೆತರಲು ಊರಿಗೆ ಹೋಗಿದ್ದ ನನ್ನ ಗಂಡನ ಕೈ ಹಿಡಿದು ಹೊರಬಂದ ಐದು ವರ್ಷದ ಭೂಮಿಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ನೀವು ಫೋನ್ ಮಮ್ಮಿ ಏನ್ರೀ?" ಎಂದು ಕೇಳಿದಳು. ನಾನೇ ಹೆತ್ತ ಮಗಳು.

ನಾನು ಜಗಳೂರು ತಾಲ್ಲೂಕಿನ ಸೊಕ್ಕೆಯವಳು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ವೃದ್ಧಾಶ್ರಮದ ನರ್ಸ್. ಮನೆ, ವೀಸಾ, ಭಾಷೆಯ ಪರೀಕ್ಷೆ ಮುಗಿದ ಮೇಲೆ ಕರೆಸಿಕೊಳ್ಳೋಣವೆಂದು, ಆಗಷ್ಟೇ ಹಾಲು ಬಿಟ್ಟಿದ್ದ ಕೂಸನ್ನು ನ್ಯಾಮತಿಯಲ್ಲಿರುವ ಅಕ್ಕ ಗಿರಿಜಳ ಮಡಿಲಿಗೆ ಹಾಕಿ ಬಂದಿದ್ದೆ. ಅಕ್ಕನಿಗೆ ಮಕ್ಕಳಿರಲಿಲ್ಲ. ಇಲ್ಲಿ ಒಂದು ಮುಗಿದರೆ ಇನ್ನೊಂದು ಬಾಕಿ ಉಳಿಯುತ್ತಿತ್ತು. ಅಷ್ಟರಲ್ಲಿ ಭೂಮಿಕಾ ಅಕ್ಕನನ್ನು 'ಅವ್ವ' ಎನ್ನತೊಡಗಿದ್ದಳು.

ಬಂದ ಮೊದಲ ಭಾನುವಾರ ಅವ್ವ ಬೇಕೆಂದು ಅತ್ತೂ ಅತ್ತೂ ಅವಳ ಗಂಟಲು ಕಟ್ಟಿತು. ಕೆಳಗಿನ ಮನೆಯ ಮುದುಕಿ ಬಾಗಿಲು ಬಡಿದು 'ರೂಹೆ' ಎಂದರು. ರೂಹೆ ಅಂದರೆ ನಿಶ್ಶಬ್ದ. ಭಾನುವಾರ ಇಲ್ಲಿ ಯಾರೂ ಸದ್ದು ಮಾಡುವಂತಿಲ್ಲ. ನ್ಯಾಮತಿಯಲ್ಲಿ ಮಗು ಹಾಗೆ ಅತ್ತರೆ ಅಕ್ಕಪಕ್ಕದವರು ಓಡಿಬಂದು ಎತ್ತಿಕೊಳ್ಳುತ್ತಾರೆ. ನಾನು ಕಿಟಕಿ ಮುಚ್ಚಿದೆ. ಅವಳ ಬಾಯಿಯನ್ನು ಮುಚ್ಚುವುದೊಂದು ಬಾಕಿಯಿತ್ತು.

ಅವಳು ಊಟ ಬಿಟ್ಟಳು. ಇಲ್ಲಿನ ಬ್ರೆಡ್ಡು ಹುಳಿಯೆಂದು ಉಗಿದಳು, ನಾನು ಮಾಡಿದ ಅನ್ನವನ್ನೂ ದೂಡಿದಳು. ಅಕ್ಕನಿಗೆ ಫೋನ್ ಮಾಡಿದೆ.

"ಎಳ್ಳು ಬಿಸ್ಕತ್ತು ಮಾಡಿಕೊಡು ಸುಧಾ. ನಾನು ಬಾಣಲೆಯಾಗೆ ಮರಳು ಕಾಯಿಸಿ, ಮೇಲೆ ತಟ್ಟೆ ಇಟ್ಟು ಬೇಯಿಸ್ತಿದ್ದೆ. ನಿನ್ ತಾವ ಓವನ್ನೇ ಐತಲ್ಲ."

ಓವನ್ ಇತ್ತು, ಕೈಗುಣ ಇರಲಿಲ್ಲ. ಮೊದಲ ಸಲ ಬಿಸ್ಕತ್ತು ಬನ್ನಿನಂತೆ ಉಬ್ಬಿತು. ಎರಡನೆಯ ಸಲ ಎಳ್ಳು ಕರಕಲಾಗಿ ಕಹಿಯಾಯಿತು.

"ಎಳ್ಳು ಮೊದ್ಲೇ ಹುರೀಬ್ಯಾಡ, ಬೇಯೋವಾಗ ತಾನೇ ಹುರೀತಾವೆ," ಎಂದಳು ಅಕ್ಕ. "ತೆಳ್ಳಗೆ ಲಟ್ಟಿಸು. ಮೇಲೆ ನೀರು ಸವರಿ ಎಳ್ಳು ಒತ್ತು. ಉರಿ ಸಣ್ಣಗಿರಲಿ. ಪೂರ್ತಿ ಆರಾಕೆ ಬಿಡು, ಬಿಸಿ ಇದ್ದಂಗೇ ಡಬ್ಬಿಗೆ ಹಾಕಿದ್ರೆ ಮೆತ್ತಗಾಗ್ತಾವೆ."

ಹಾಗೇ ಮಾಡಿದೆ. ತುಪ್ಪ, ಮೈದಾ, ಸಕ್ಕರೆ, ಬಿಳಿ ಎಳ್ಳು, ಮನೆಯೆಲ್ಲ ಘಮಗುಟ್ಟಿತು. ಭೂಮಿಕಾ ವಾಸನೆ ಹಿಡಿದು ತಾನಾಗಿ ಅಡುಗೆಮನೆಗೆ ಬಂದಳು. ಕಚ್ಚಿದಾಗ ಕರಂ ಎಂದಿತು. ಇಲ್ಲಿಗೆ ಬಂದ ಮೇಲೆ ಮೊದಲ ಸಲ ನಕ್ಕಳು. ತುಟಿಗಂಟಿದ ಎಳ್ಳನ್ನು ನಾನು ಒರೆಸಿದರೆ ಸುಮ್ಮನಿದ್ದಳು. ಗೆದ್ದೆ ಅಂದುಕೊಂಡೆ.

ಇನ್ನೊಂದು ತಗೊಂಡು ಫ್ರಾಕಿನ ಜೇಬಿಗೆ ಹಾಕಿಕೊಂಡಳು. "ಇದು ಅವ್ವಗೆ. ಯಾವಾಗ ಹೋಗಾದು?"

ಆಮೇಲೆ ಎಷ್ಟು ಸಲ ಮಾಡಿದರೂ ತಿನ್ನಲಿಲ್ಲ, ಎತ್ತಿಡುತ್ತಿದ್ದಳು. ನಿಧಾನವಾಗಿ ಮಾತೂ ನಿಂತಿತು. ಶಿಶುವಿಹಾರದಲ್ಲಿ ಜರ್ಮನ್ ಆಡಲಿಲ್ಲ, ಮನೆಯಲ್ಲಿ ಕನ್ನಡ ಆಡಲಿಲ್ಲ. ಮಗು ಕುಗ್ಗುತ್ತಿದೆ ಎಂದು ಅಲ್ಲಿನ ಟೀಚರು ಕರೆಸಿ ಹೇಳಿದರು. ಅದು ನನಗೆ ಗೊತ್ತಿತ್ತು.

ಗಂಡ "ಇನ್ನೊಂದು ಸ್ವಲ್ಪ ದಿನ ನೋಡಾನ" ಅಂದರು. ನನಗೆ ನೋಡಲಾಗಲಿಲ್ಲ. "ಕರ್ಕೊಂಡು ಬರ್ತೀನಿ, ನಿನ್ ಹತ್ರಾನೇ ಇರಲಿ," ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದೆ.

"ಹಂಗನ್ಬ್ಯಾಡವೇ, ಹೆತ್ತಾಕಿ ನೀನು," ಎಂದಳು ಅಕ್ಕ. ಆದರೆ ಅವಳ ದನಿ ಅರಳಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳು ಕೆಮ್ಮಿದಳು. ನನಗೆ ಅವಳ ಮೇಲೆ ಸಿಟ್ಟು ಬಂದಿದ್ದರೆ ಚೆನ್ನಾಗಿತ್ತು.

ನ್ಯಾಮತಿಯ ಮನೆ ಮುಂದೆ ಆಟೋ ನಿಲ್ಲುವ ಮೊದಲೇ ಭೂಮಿಕಾ ಇಳಿದು ಓಡಿದಳು. ಪಟಪಟನೆ ಮಾತಾಡಿದಳು, ವಿಮಾನದ ಬಗ್ಗೆ, ಹಿಮದ ಬಗ್ಗೆ. ಅಕ್ಕ ನನಗೆ ಹೊಸ ಚಾಪೆ ಹಾಸಿದಳು, ಸ್ಟೀಲ್ ಲೋಟ ಬಿಟ್ಟು ಪಿಂಗಾಣಿ ಕಪ್ಪಿನಲ್ಲಿ ಚಹಾ ಕೊಟ್ಟಳು. ನಾನು ನೆಂಟಳಾಗಿದ್ದೆ. ರಜೆ ಮುಗಿಯುವವರೆಗೆ ಹಾಗೆಯೇ ಇದ್ದೆ. ಹೊರಡುವ ದಿನ ಮಗು ನಿದ್ದೆಯಲ್ಲಿತ್ತು. ಎಬ್ಬಿಸಬೇಡ ಎಂದು ನಾನೇ ಅಂದೆ.

ದಾವಣಗೆರೆ ಬಸ್ಸು ಹೊನ್ನಾಳಿ ಸೇತುವೆ ದಾಟುವಾಗ, ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ದೊಡ್ಡ ಸೂಟ್‌ಕೇಸನ್ನು ನೋಡಿದರು.

"ಊರಿಗೆ ಹೊಂಟೀಯೇನವ್ವಾ, ಊರಿಂದ ಹೊಂಟೀಯೋ?"

"ಹೂಂ," ಅಂದೆ. ಎರಡರಲ್ಲಿ ಯಾವುದಕ್ಕೆ ಹೂಂ ಎಂದು ಅವರು ಮತ್ತೆ ಕೇಳಲಿಲ್ಲ.