ಲೀಟರಿಗೆ ಎಪ್ಪತ್ತು

ಬಸವಕಲ್ಯಾಣದ ನಮ್ಮ ಓಣಿಯಲ್ಲಿ ಇಬ್ಬರು ಗಂಡಸರು ಸೇರಿದರೆ ಮಾತು ತಿರುಗಿ ಬಂದು ನಿಲ್ಲುತ್ತಿದ್ದುದು ಆವರೇಜಿನ ಮೇಲೆ. ಯಾರ ಗಾಡಿ ಲೀಟರಿಗೆ ಎಷ್ಟು ಓಡುತ್ತದೆ ಎಂಬುದು ತೊಂಬತ್ತರ ದಶಕದಲ್ಲಿ ಅವರಿಗೆ ಮಾನದ ಪ್ರಶ್ನೆಯಾಗಿತ್ತು. ಮಗ ಎಷ್ಟನೇ ಇಯತ್ತೆ ಎಂದು ಕೇಳಿದರೆ ಹೆಂಡತಿಯ ಮುಖ ನೋಡುವವರು ಆವರೇಜು ಕೇಳಿದರೆ ಥಟ್ಟನೆ ಹೇಳುತ್ತಿದ್ದರು. ಹೇಳುವಾಗ ಐದೋ ಹತ್ತೋ ಸೇರಿಸುತ್ತಿದ್ದರು. ಕೇಳುವವರಿಗೆ ಅದು ಗೊತ್ತಿರುತ್ತಿತ್ತು. ಅವರು ತಮ್ಮದಕ್ಕೆ ಇನ್ನಷ್ಟು ಸೇರಿಸಿ ಹೇಳುತ್ತಿದ್ದರು. ಯಾರೂ ಯಾರ ಮಾತನ್ನೂ ಸುಳ್ಳೆನ್ನುತ್ತಿರಲಿಲ್ಲ.

ನನ್ನ ಗಂಡನದು ಎಪ್ಪತ್ತು. ಅವರಿಗೆ ಭಾಂಡೆ ಅಂಗಡಿ ಇತ್ತು. ಸ್ಟೀಲಿನ ತಾಟು, ತಂಬಿಗೆ, ಕೊಡ ಮಾರುತ್ತಿದ್ದರು. ಸುತ್ತಲ ಹಳ್ಳಿಗಳಿಗೆ ಮಾಲು ಕೊಡಲು ಮೋಟಾರ್ ಸೈಕಲ್ ಇಟ್ಟಿದ್ದರು. ನಮ್ಮ ಮದುವೆಯ ಹೊಸತರಲ್ಲಿ ಆ ಗಾಡಿ ಐವತ್ತೈದು ಕೊಡುತ್ತಿತ್ತು, ಮಗಳು ಹುಟ್ಟುವ ಹೊತ್ತಿಗೆ ಅರವತ್ತಾಯಿತು, ಅವಳು ಶಾಲೆಗೆ ಹೋಗತೊಡಗಿದಾಗ ಎಪ್ಪತ್ತಕ್ಕೆ ಬಂದು ನಿಂತಿತು. ವಯಸ್ಸಾದಂತೆ ಹುರುಪು ಹೆಚ್ಚಾದದ್ದು ನಮ್ಮ ಮನೆಯಲ್ಲಿ ಆ ಗಾಡಿಗೆ ಮಾತ್ರ.

ಆವರೇಜಿಗಾಗಿ ಅವರು ಏನು ಬೇಕಾದರೂ ಮಾಡುತ್ತಿದ್ದರು. ಇಳಿಜಾರು ಬಂದರೆ ಇಂಜಿನ್ ಬಂದ್. ಬ್ರೇಕ್ ಹಾಕಿದರೆ ಸುಟ್ಟ ಪೆಟ್ರೋಲು ದಂಡ ಎಂದು ದೂರದಿಂದಲೇ ಎಮ್ಮೆಗಳಿಗೆ ಕೂಗಿ ದಾರಿ ಬಿಡಿಸಿಕೊಳ್ಳುತ್ತಿದ್ದರು. ಪೆಟ್ರೋಲು ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ ಎಂದು ಮುಂಜಾನೆ ಎದ್ದೇ ಪಂಪಿಗೆ ಹೋಗುವುದು. ಅಲ್ಲಿ ಮುಳ್ಳು ಸೊನ್ನೆಗೆ ಬಂದಿದೆಯೇ ಎಂದು ಬಗ್ಗಿ ನೋಡುವುದು. ತುಂಬುವಾಗ ಗಾಡಿಯನ್ನು ಆ ಕಡೆ ಈ ಕಡೆ ಅಲ್ಲಾಡಿಸುವುದು, ಕೊನೆಗೆ ಪೈಪ್ ಎತ್ತಿ ಹಿಡಿದು ಹನಿ ಹನಿಯನ್ನೂ ಬಸಿದುಕೊಳ್ಳುವುದು. ಕರೆಂಟ್ ಹೋಗಿದ್ದರೆ ಪಂಪಿನವನು ಹಿಡಿಕೆ ತಿರುವಿ ಹಾಕುತ್ತಿದ್ದ. ಆಗ ಇವರು ಅವನ ಕೈಯನ್ನೇ ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ಹಿಂದೆ ನಿಂತವರು ಹಾರ್ನ್ ಬಾರಿಸುತ್ತಿದ್ದರು. ನಾನು ಇವರ ಹೆಂಡತಿಯೇ ಅಲ್ಲ ಎಂಬಂತೆ ಸೆರಗು ಎಳೆದುಕೊಂಡು ದೂರ ಹೋಗಿ ನಿಲ್ಲುತ್ತಿದ್ದೆ.

ನಾನು ಮದುವೆಗೆ ಮೊದಲೇ ಬಿ.ಎಸ್ಸಿ., ಬಿ.ಎಡ್. ಮುಗಿಸಿದ್ದೆ. ಗಣಿತ ಕಲಿಸಬೇಕೆಂಬ ಆಸೆ ಇತ್ತು. ಆಸೆ ಎನ್ನುವುದು ಸಣ್ಣ ಮಾತು. ರೊಟ್ಟಿ ಬಡಿಯುವಾಗಲೂ ಮನಸ್ಸಿನಲ್ಲಿ ಒಂದು ಕಪ್ಪು ಹಲಗೆ ಇರುತ್ತಿತ್ತು. ಅರ್ಜಿ ಹಾಕುತ್ತ ವರ್ಷಗಳು ಹೋದವು. ಕೊನೆಗೆ ಹುಮನಾಬಾದಿನ ಒಂದು ಅನುದಾನಿತ ಹೈಸ್ಕೂಲಿನಿಂದ ಇಂಟರ್‌ವ್ಯೂಗೆ ಕರೆ ಬಂತು. ಇದ್ದದ್ದು ಒಂದೇ ಹುದ್ದೆ, ಗಣಿತದ್ದೇ. ಆ ವರ್ಷ ದಾಟಿದರೆ ನನ್ನ ವಯಸ್ಸಿನ ಮಿತಿ ಮೀರುತ್ತಿತ್ತು. ಅದು ಸಿಗದಿದ್ದರೆ ಮುಂದೆ ಯಾವುದೂ ಇಲ್ಲ ಎಂದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು.

ಅದೇ ವಾರ ಟ್ಯಾಂಕರ್‌ನವರ ಮುಷ್ಕರ ಬಂತು. ಪಂಪಿನ ಮುಂದೆ ಡ್ರಮ್ಮು ಅಡ್ಡ ಇಟ್ಟು ಹಗ್ಗ ಕಟ್ಟಿದರು. ಡೀಸೆಲ್ ಇಲ್ಲದೆ ಬಸ್ಸುಗಳು ಯಾವಾಗ ಬರುತ್ತವೆ, ಯಾವಾಗ ಇಲ್ಲ ಎಂದು ಸ್ಟ್ಯಾಂಡಿನವರಿಗೇ ತಿಳಿಯದಂತಾಯಿತು. ನನ್ನ ಗಂಡ ಗಾಡಿಯಲ್ಲೇ ಕರೆದೊಯ್ಯುತ್ತೇನೆ ಎಂದರು. ಇಂಟರ್‌ವ್ಯೂದ ಹಿಂದಿನ ದಿನ ಉಳಿದ ಸ್ವಲ್ಪ ಪೆಟ್ರೋಲನ್ನು ಹಂಚುತ್ತಾರೆ ಎಂದು ಸುದ್ದಿ ಬಂದಾಗ, ಅಂಗಡಿ ತೆರೆಯದೆ ಮುಂಜಾನೆಯಿಂದ ಸಾಲಿನಲ್ಲಿ ನಿಂತರು. ಮಧ್ಯಾಹ್ನ ಬಿಸಿಲಿಗೆ ಮುಖ ಕೆಂಪಗೆ ಮಾಡಿಕೊಂಡು ಬಂದರು. ಗಾಡಿಗೆ ಎರಡೇ ಲೀಟರ್ ಕೊಟ್ಟಿದ್ದರು. ಒಣಗಿದ ಟ್ಯಾಂಕಿಗೆ ಅದೇ ಭಾಗ್ಯ. ಆ ಕ್ಷಣ ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು, ಅದನ್ನು ಇಲ್ಲಿ ಹೇಳಲೇಬೇಕು.

ಸಂಜೆ ಪಕ್ಕದ ಮನೆಯವರು ಬಂದರು, ಕೈಯಲ್ಲಿ ಲೀಟರಿನ ಬಾಟಲಿ, ರಬ್ಬರ್ ನಳಿಗೆ. ನಮ್ಮ ಓಣಿಯಲ್ಲಿ ಪೆಟ್ರೋಲು ಕೇಳುವುದೆಂದರೆ ಹೆಪ್ಪು ಹಾಕಲು ಮಜ್ಜಿಗೆ ಕೇಳಿದಂತೆ, ಇಲ್ಲ ಎನ್ನುವ ವಾಡಿಕೆ ಇರಲಿಲ್ಲ. ಅವರ ಕೆಲಸವೂ ಅಂಥದ್ದೇ. ಮರುದಿನ ಕೊಡಂಬಲದಲ್ಲಿ ಬಸುರಿ ತಂಗಿಯ ಕುಬಸ, ತವರಿನ ಸೀರೆ ಅಣ್ಣನೇ ಒಯ್ಯಬೇಕು.

"ಒಂದ್ ಬಾಟ್ಲಿ ಕೊಡ್ರಿ ಅಣ್ಣಾ. ತಂಗಿ ದಾರಿ ನೋಡಾಕತ್ತಾಳ" ಎಂದರು.

"ನಾಳಿ ಹುಮನಾಬಾದಿಗಿ ಇಂಟರ್‌ವ್ಯೂ ಅದ ರಿ" ಎಂದು ನಾನು ಬಾಗಿಲಿನಿಂದಲೇ ಹೇಳಿದೆ.

"ಗೊತ್ತದ ರಿ ವೈನಿ. ನಮ್ಮ ಸ್ಕೂಟರ್ ಆಗಿದ್ರ ನಾನೂ ಕೇಳ್ತಿದ್ದಿಲ್ಲ, ಅದು ಕುಡೀತದ. ಅಣ್ಣನ ಗಾಡಿಗಿ ಏನ್ರಿ, ಬರೇ ವಾಸನಿ ಮ್ಯಾಲ ಓಡ್ತದ."

ನನ್ನ ಗಂಡನ ಮುಖ ಅರಳಿತು. ಅಲ್ಲಿಗೆ ನನ್ನ ಕಥೆ ಮುಗಿಯಿತು. ಅವರೇ ನಳಿಗೆ ಬಾಯಿಗಿಟ್ಟು ಎಳೆದು ಒಂದು ಬಾಟಲಿ ತುಂಬಿಸಿದರು. ಅಷ್ಟಕ್ಕೆ ಸುಮ್ಮನಾಗದೆ, "ಹೋಗಿ ಬರೂದು ಅದ, ಇನ್ನರ್ಧ ಲೀಟರ್ ಒಯ್ಯಿರಿ" ಎಂದು ಒಳಗಿನಿಂದ ಇನ್ನೊಂದು ಬಾಟಲಿ ತರಿಸಿದರು. ಅದನ್ನು ತಂದುಕೊಟ್ಟವಳು ನಾನೇ.

ಪಕ್ಕದ ಮನೆಯವರು ಹೋದ ಮೇಲೆ ಗಂಡನನ್ನು ಕೇಳಿದೆ, "ಉಳದದ್ದು ಅರ್ಧ ಲೀಟರ್. ಮುಟ್ತೀವೇನ್ರಿ?"

"ಎಪ್ಪತ್ತರ ಅರ್ಧ ಎಷ್ಟು? ಗಣಿತ ಓದೀದಿ, ನೀನೇ ಹೇಳು. ಹುಮನಾಬಾದ ಅದರಾಗೇ ಬರತದ. ಬರೂವಾಗ ಅಲ್ಲೇ ಎಲ್ಲ್ಯಾರ ಸಿಗತದ."

"ಅದು ಎಪ್ಪತ್ತು ಕೊಡಂಗಿಲ್ರಿ. ನಿಮಗೂ ಗೊತ್ತದ."

ಅವರು ನನ್ನನ್ನು ಹೇಗೆ ನೋಡಿದರೆಂದರೆ, ಅವರ ತಂದೆತಾಯಿಯನ್ನು ಬೈದಿದ್ದರೂ ಹಾಗೆ ನೋಡುತ್ತಿರಲಿಲ್ಲ. ಅಂದು ಊಟ ಮಾಡಲಿಲ್ಲ. ಅವರಿಗೆ ನಿಜಕ್ಕೂ ಗೊತ್ತಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಊರಿಗೆಲ್ಲ ಹೇಳಿ ಹೇಳಿ ಆ ಎಪ್ಪತ್ತನ್ನು ಅವರೇ ನಂಬಿಬಿಟ್ಟಿದ್ದರು.

ಬೆಳಿಗ್ಗೆ ಬೇಗ ಹೊರಟೆವು. ಇಸ್ತ್ರಿ ಮಾಡಿದ ಸೀರೆ, ಮಡಿಲಲ್ಲಿ ಸರ್ಟಿಫಿಕೇಟುಗಳ ಚೀಲ. ಬಂಗ್ಲಾ ಕ್ರಾಸಿನ ಹತ್ತಿರ ಹೈವೇ ಸೇರಿದಾಗ ಎದುರುಗಾಳಿ ಶುರುವಾಯಿತು. ಸಣ್ಣ ಇಳಿಜಾರಿಗೂ ಅವರು ಇಂಜಿನ್ ಬಂದ್ ಮಾಡುತ್ತಿದ್ದರು. ಗಾಡಿ ಸದ್ದಿಲ್ಲದೆ ಉರುಳಿ, ಇನ್ನೇನು ನಿಲ್ಲುತ್ತದೆ ಎನ್ನುವಾಗ ಮತ್ತೆ ಒದ್ದು ಚಾಲೂ ಮಾಡುವರು. ರಾಜೇಶ್ವರ ಊರು ದಾಟಿ ಸ್ವಲ್ಪ ದೂರಕ್ಕೆ ಗಾಡಿ ಎರಡು ಸಲ ಕೆಮ್ಮಿ ನಿಂತಿತು.

ಅವರು ಇಳಿದು ಗಾಡಿಯನ್ನು ರಸ್ತೆಯ ಪಕ್ಕ ಅಡ್ಡ ಮಲಗಿಸಿದರು, ಮೂಲೆಯಲ್ಲಿ ಉಳಿದದ್ದು ಈಚೆಗೆ ಬರಲಿ ಎಂದು. ಎತ್ತಿ ನಿಲ್ಲಿಸಿ, ಟ್ಯಾಂಕಿನ ಬಾಯಿಗೆ ಬಾಯಿಟ್ಟು ಊದಿ, ಒದ್ದರು. ಚಾಲೂ ಆಯಿತು. ಒಂದಿಷ್ಟು ದೂರ ಓಡಿ ನಿಂತಿತು. ಮತ್ತೆ ಮಲಗಿಸಿದರು, ಮತ್ತೆ ಊದಿದರು. ಮತ್ತೆ ಒಂದಿಷ್ಟು ದೂರ ಹೋಯಿತು. ಹಾಗೆ ನಿಂತಾಗಲೆಲ್ಲ ಅವರು ಹಿಂತಿರುಗಿ, ಬಂದ ದಾರಿಯನ್ನು ನೋಡುತ್ತಿದ್ದರು. "ನೋಡ್ದೀ, ಎಲ್ಲೀತನ ತಂತು" ಎಂದರು. ಅವರ ದನಿಯಲ್ಲಿ ಹೆಮ್ಮೆ ಇತ್ತು. ನನಗೆ ಅಳು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು, ಎರಡನ್ನೂ ನುಂಗಿ ಹೈವೇ ಕಡೆ ಕೈ ಮಾಡುತ್ತ ನಿಂತೆ.

ಲಾರಿಗಳೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಘಾಟಬೋರಾಳದವರ ಟ್ರ್ಯಾಕ್ಟರ್ ಒಂದು ಬಂತು. ಹಿಂದಿನ ಡಬ್ಬಿಯಲ್ಲಿ ಗೊಬ್ಬರ ಹೇರಿ ಖಾಲಿ ಮಾಡಿದ್ದರು. ಅದರಲ್ಲೇ ಹತ್ತಿದೆ. ನನ್ನ ಗಂಡ ಗಾಡಿ ಕಾಯುತ್ತ ಅಲ್ಲೇ ಉಳಿದರು. ಟ್ರ್ಯಾಕ್ಟರಿನವರು ಒಳ್ಳೆಯವರು, ಜೋರಾಗಿ ಬಿಡಬೇಕೆಂದೇ ಇದ್ದರು. ಆದರೆ ಅವರ ಹತ್ತಿರವೂ ಡೀಸೆಲ್ ತಳ ಕಂಡಿತ್ತು. "ಹಳೂಕ್ ಹೋದ್ರ ಮುಟ್ತೀವಿ ರಿ ಅಕ್ಕಾ, ಜೋರ್ ಬಿಟ್ರ ನಡಕ ನಿಲ್ತೀವಿ" ಎಂದರು. ಅವರ ಮಾತು ಸರಿಯಾಗಿತ್ತು.

ಶಾಲೆಯ ವರಾಂಡದಲ್ಲಿ ಕುರ್ಚಿಗಳನ್ನು ಒಳಗೆ ಎತ್ತಿಡುತ್ತಿದ್ದರು. ಮುಖ್ಯೋಪಾಧ್ಯಾಯರು ನನ್ನ ಸೀರೆಗೆ ಹತ್ತಿದ ಗೊಬ್ಬರ ನೋಡಿ, ಮುಖ ನೋಡಿ, ಮೊದಲು ನೀರು ತರಿಸಿದರು. "ಮುಗೀತ್ರಿ. ಕಮಿಟಿಯವರು ಹೋಗಿ ಬಾಳ ಹೊತ್ತಾಯ್ತು. ನೀವು ಬರಂಗಿಲ್ಲ ಅಂತ ತಿಳದ್ರು" ಎಂದರು. ನಾನು ನೀರು ಕುಡಿದೆ. ತರಗತಿಯೊಂದರಲ್ಲಿ ಯಾರೋ ಮಗ್ಗಿ ಹೇಳಿಸುತ್ತಿದ್ದರು. ಅದನ್ನು ಕೇಳುತ್ತ ಸ್ವಲ್ಪ ಹೊತ್ತು ನಿಂತು ಹೊರಗೆ ಬಂದೆ.

ಮುಂದೆ ಯಾವ ಕರೆಯೂ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಓಣಿಯ ಮಕ್ಕಳಿಗೆ ಗಣಿತ ಹೇಳಿಕೊಡೋಣವೆಂದು ಕೂತೆ, ಅವು ಒಂದೊಂದಾಗಿ ಪೇಟೆಯ ಟ್ಯೂಷನ್ನಿಗೆ ಹೋದವು. ನನ್ನ ಗಂಡ ಕೆಟ್ಟವರಲ್ಲ. ಆ ದಿನದ ಬಗ್ಗೆ ನನ್ನೆದುರು ಅವರು ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಗಾಡಿ ಮಾರಿ ಹೊಸದು ಕೊಂಡರು. ಅದರ ಆವರೇಜು ಹಳೆಯದರ ಕಾಲಿಗೂ ಬಾರದು ಎಂದು ಕಂಡವರಿಗೆಲ್ಲ ಹೇಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಮಗಳನ್ನು ನೋಡಲು ಹುಡಗಿ ಎಂಬ ಊರಿನಿಂದ ಗಂಡಿನ ಕಡೆಯವರು ಬಂದರು. ಪೆಟ್ರೋಲಿನ ರೇಟಿನ ಮಾತು ಬಂತು, ಅದರ ಹಿಂದೆಯೇ ಆವರೇಜಿನ ಮಾತು ಬಂತು. ನಾನು ಉಪ್ಪಿಟ್ಟಿನ ತಾಟು ಹಿಡಿದು ನಿಂತಿದ್ದೆ. ನನ್ನ ಗಂಡ ಮುಂದೆ ಬಾಗಿ ಹೇಳತೊಡಗಿದರು:

"ಸ್ಟ್ರೈಕ್ ಇತ್ರಿ ಆಗ. ಬರೇ ಅರ್ಧ ಲೀಟರ್. ಇವಳಿಗಿ ಹಿಂದ ಕೂಡಿಸ್ಕೊಂಡು, ಎದುರುಗಾಳಿಯಾಗ, ಸೀದಾ ಹುಮನಾಬಾದ ಶಾಲಿ ಬಾಗಲಿಗಿ ಮುಟ್ಟಿಸೀನಿ. ಇಂಟರ್‌ವ್ಯೂ ಇತ್ತು ಇವಳದು."

ಹುಡುಗನ ತಂದೆಗೆ ಖುಷಿಯಾಯಿತು. "ಮತ್ತ ನೌಕರಿ ಯಾಕ ಮಾಡ್ಲಿಲ್ಲ ರಿ?" ಎಂದು ಕೇಳಿದರು.

"ಆಗಿತ್ರಿ. ಮನಿ, ಮಗಳು, ಎಲ್ಲಾ ಬಿಟ್ಟು ಯಾಕ ಅಂತ ಇವಳೇ ಬ್ಯಾಡ ಅಂದಳು."

ಅವರು ಸುಳ್ಳು ಹೇಳುತ್ತಿರುವಂತೆ ಕಾಣಲಿಲ್ಲ. ಮುಖ ಶಾಂತವಾಗಿತ್ತು, ಅಂದು ಎಪ್ಪತ್ತರ ಅರ್ಧ ಕೇಳಿದಾಗ ಇದ್ದಂತೆಯೇ. ಬಂದವರೆಲ್ಲ ನನ್ನ ಕಡೆ ತಿರುಗಿದರು. ಒಳಗಿನ ಕೋಣೆಯ ಬಾಗಿಲಲ್ಲಿ ಮಗಳು ಹೊಸ ಸೀರೆ ಉಟ್ಟು ನಿಂತಿದ್ದಳು, ಅವಳೂ ನನ್ನನ್ನೇ ನೋಡುತ್ತಿದ್ದಳು.

"ಹೌದ್ರಿ" ಎಂದೆ. "ನಾನೇ ಬ್ಯಾಡ ಅಂದೆ."